ಕ್ರಿಯೋನನ ಕೈಗೆ ಮೊಬೈಲ್ ಕೊಟ್ಟವರು ಯಾರು?

ನಿನ್ನೆ ಸಂಜೆ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ಅಂತಿಗೊನೆ’ ನಾಟಕ ನೋಡಿ ಬಂದೆ. ನನ್ನ ಸಿಟ್ಟಿನ ಪರಿಚಯ ನಿಮಗೆಲ್ಲ ಇರುವುದರಿಂದ ಪೀಠಿಕೆ ಬೇಕಿಲ್ಲ. ದೊರೆ ಕ್ರಿಯೋನ್ ರಂಗಕ್ಕೆ ಬಂದವನೇ ಸೈನಿಕರ ಹೆಗಲ ಮೇಲೆ ಕೈಹಾಕಿ ಸೆಲ್ಫಿ ತೆಗೆದುಕೊಂಡ, ಜನ ನಕ್ಕರು. ಆಮೇಲೆ ಅವನನ್ನು ಕಂಡು ಯಾರಿಗೂ ಭಯವಾಗಲಿಲ್ಲ. ದೊರೆಯ ಭಯವೇ ಇಲ್ಲದ ಮೇಲೆ ಅವನ ಆಜ್ಞೆ ಮೀರಿ ಅಣ್ಣನ ಹೆಣಕ್ಕೆ ಮಣ್ಣು ಹಾಕುವ ಹುಡುಗಿ ಅಂತಿಗೊನೆಯ ಧೈರ್ಯಕ್ಕೆ ಬೆಲೆ ಎಲ್ಲಿಂದ ಬರಬೇಕು?

ಮಗ ಹೇಮೋನ್ ತಂದೆಗೆ ಎದುರಾಡುವ ದೃಶ್ಯ ನೆನಪಿದೆಯಲ್ಲವೇ? ಒಬ್ಬನೇ ಮನುಷ್ಯನ ಸ್ವತ್ತಾದ ನಾಡು ನಾಡೇ ಅಲ್ಲ ಎನ್ನುತ್ತಾನೆ ಅವನು. ಆ ಯುವ ನಟ ದನಿ ಏರಿಸದೆ, ತಂದೆಯ ಮುಖವನ್ನೇ ನೋಡುತ್ತ ಈ ಮಾತನ್ನು ಹೇಳಿದಾಗ ನನ್ನ ಪಕ್ಕದವರು ಕುರ್ಚಿಯ ಅಂಚಿಗೆ ಸರಿದು ಕುಳಿತರು. ಅಷ್ಟರಲ್ಲಿ ಹಿಂದಿನ ಪರದೆಯ ಮೇಲೆ ಸುದ್ದಿವಾಹಿನಿಯ ತುಣುಕುಗಳು ಓಡತೊಡಗಿದವು. ಕ್ರಿ.ಪೂ. 441ರ ಸುಮಾರಿನ ಮಾತು ಇಷ್ಟು ದೂರ ತಾನಾಗಿಯೇ ನಡೆದು ಬಂದಿದೆ. ಕೊನೆಯ ನಾಲ್ಕು ಹೆಜ್ಜೆಗೆ ಅದರ ಕೈಹಿಡಿಯುವ ಅಗತ್ಯವೇನಿತ್ತು?

ಹೀಗೆ ಮಾಡದಿದ್ದರೆ ಯುವಜನ ಬರುವುದಿಲ್ಲವೆಂದು ಸಂವಾದದಲ್ಲಿ ನಿರ್ದೇಶಕರು ಹೇಳಿದರು. ಇರಬಹುದು. ಆದರೆ ಆ ಯುವಜನರ ಜೇಬಿನಲ್ಲೇ ಇದ್ದ ಮೊಬೈಲನ್ನು ಆಫ್ ಮಾಡಿ ಎಂದು ನಾಟಕಕ್ಕೆ ಮುಂಚೆ ಕೇಳಿಕೊಂಡವರೂ ಇವರೇ!

ಹಳೆಯ ನಾಟಕಕ್ಕೆ ಹೊಸ ಉಡುಪು ಸಲ್ಲದೆಂಬ ಮಡಿವಂತಿಕೆ ನನ್ನದಲ್ಲ. 1944ರಲ್ಲಿ, ಜರ್ಮನ್ ಸೈನ್ಯದ ವಶದಲ್ಲಿದ್ದ ಪ್ಯಾರಿಸ್‌ನಲ್ಲಿ, ಫ್ರೆಂಚ್ ನಾಟಕಕಾರ ಝಾನ್ ಅನುಯಿ ಬರೆದ ‘ಅಂತಿಗೊನೆ’ಯ ಪಾತ್ರಗಳು ಆ ಕಾಲದ ಉಡುಪಿನಲ್ಲೇ ರಂಗಕ್ಕೆ ಬಂದವು. ಹಿಟ್ಲರನ ಹೆಸರು ಮಾತ್ರ ಅಲ್ಲಿರಲಿಲ್ಲ. ಹೆಸರಿದ್ದಿದ್ದರೆ ಸೆನ್ಸಾರ್ ಬಿಡುತ್ತಿರಲಿಲ್ಲ ಎನ್ನುವುದು ಸರಿಯೇ, ಆದರೆ ನೋಡಿದವರಿಗೆ ಅದರ ಅಗತ್ಯವೂ ಬೀಳಲಿಲ್ಲ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಸೆರೆಮನೆಯಲ್ಲಿ ಕೈದಿಗಳು ಸೊಫೊಕ್ಲಿಸನ ನಾಟಕವನ್ನು ಆಡಿದಾಗ ನೆಲ್ಸನ್ ಮಂಡೇಲಾ ವಹಿಸಿದ್ದು ಕ್ರಿಯೋನನ ಪಾತ್ರವನ್ನು. ಅಲ್ಲಿ ಪರದೆ ಕಟ್ಟಿ ಯಾರ ಚಿತ್ರ ತೋರಿಸಬೇಕಿತ್ತು, ಹೇಳಿ.

ಗಿರೀಶ ಕಾರ್ನಾಡರ ‘ತುಘಲಕ್’ ಪ್ರಕಟವಾದದ್ದು 1964ರಲ್ಲಿ. ಅದರಲ್ಲಿರುವುದು ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಸಾಗಿಸುವ ಹದಿನಾಲ್ಕನೇ ಶತಮಾನದ ಸುಲ್ತಾನ. ಜನ ಅವನಲ್ಲಿ ಕಂಡದ್ದು ನೆಹರೂ ಯುಗದ ಭ್ರಮನಿರಸನ. ಆಮೇಲಿನವರು ಅವನಲ್ಲಿ ತಮ್ಮ ತಮ್ಮ ಕಾಲದ ಆಳುವವರನ್ನು ಕಂಡುಕೊಂಡರು. ಪ್ರಧಾನಿಯ ಹೆಸರಿಟ್ಟೇ ಬರೆದಿದ್ದರೆ ಆ ನಾಟಕಕ್ಕೆ ಈ ಆಯುಷ್ಯ ಎಲ್ಲಿರುತ್ತಿತ್ತು?

ಇಂದಿನ ಹಲವು ಹೊಸ ನಾಟಕಗಳಿಗೂ ಇದೇ ರೋಗ ತಗುಲಿದೆ. ಬೆಳಗಿನ ಪತ್ರಿಕೆಯ ತಲೆಬರಹ ಸಂಜೆಗೆ ಸಂಭಾಷಣೆಯಾಗಿರುತ್ತದೆ. ಅಂಥವಕ್ಕೂ ಹೋಗಿ ಕೂರುತ್ತೇನೆ, ಚಪ್ಪಾಳೆಯನ್ನೂ ತಟ್ಟುತ್ತೇನೆ, ಏಕೆಂದರೆ ಅಲ್ಲಿ ಹೇಳುವುದೆಲ್ಲ ನನ್ನದೇ ಅಭಿಪ್ರಾಯ. ಆದರೆ ನಾನು ಮನೆಯಿಂದಲೇ ಹೊತ್ತು ತಂದ ಅಭಿಪ್ರಾಯವನ್ನು ನನಗೇ ಒಪ್ಪಿಸಿ ಕಳುಹಿಸುವುದಕ್ಕೆ ಅಷ್ಟೊಂದು ನಟರು, ಅಷ್ಟು ದಿನಗಳ ತಾಲೀಮು ಯಾಕೆ ಬೇಕು?