ಕುಂಬಳೆಯಲ್ಲಿ ಹಿಮಪಾತ

ಅಡಿಕೆಯನ್ನು ಅಂಗಳದಲ್ಲಿ ಹರಡಿ ಒಣಗಿಸುವ ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಸಮೀಪದ ನಮ್ಮ ಮನೆಯ ಚಾವಡಿಯಲ್ಲಿ, ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ, ನಾನು ಉಣ್ಣೆಯ ಸ್ವೆಟರ್ ತೊಟ್ಟು, ಕಿವಿ ಮುಚ್ಚುವ ಮಂಕಿಕ್ಯಾಪ್ ಏರಿಸಿ ಕುಳಿತಿದ್ದೆ. ಅಡಿಕೆ ಮಗುಚುತ್ತಿದ್ದ ಆಳು ಕೆಲಸ ನಿಲ್ಲಿಸಿ ಜಗಲಿಯವರೆಗೆ ಬಂದು, "ಮಾಷ್ಟ್ರಿಗೆ ಚಳಿಜ್ವರವೋ?" ಎಂದು ನನ್ನ ಹೆಂಡತಿಯನ್ನು ಕೇಳಿದ. ಜ್ವರವಲ್ಲ, ಸಂಪ್ರದಾಯ ಎಂದು ಅವಳು ಹೇಳಿದಳು. ಅವನು ಎರಡಕ್ಕೂ ಸಲ್ಲುವಷ್ಟು ಮರುಕವನ್ನು ಮುಖದಲ್ಲಿ ತೋರಿಸಿ ಮರಳಿ ಬಿಸಿಲಿಗೆ ಹೋದ.

ಶಾಲೆಯ ವಾಟ್ಸಾಪ್ ಗುಂಪುಗಳಲ್ಲಿ ಇರುವ ಅಜ್ಜ ಅಜ್ಜಿಯಂದಿರಿಗೆ ಹಿನ್ನೆಲೆಯನ್ನು ವಿವರಿಸಬೇಕಾಗಿಲ್ಲ. ಕ್ರಿಸ್ಮಸ್ ರಜೆಯಲ್ಲಿ ಕುಟುಂಬದವರೆಲ್ಲರೂ ಒಟ್ಟಾಗಿ ಕುಳಿತು ಒಂದು 'ಕ್ಲಾಸಿಕ್ ಹಾಲಿಡೇ' ಚಲನಚಿತ್ರವನ್ನು ನೋಡತಕ್ಕದ್ದು, 'ನಮ್ಮ ಮನೆಯ ಕ್ರಿಸ್ಮಸ್ ಚಲನಚಿತ್ರ ಸಂಪ್ರದಾಯ' ಎಂಬ ವಿಷಯದ ಮೇಲೆ ನೂರೈವತ್ತು ಪದಗಳ ಪ್ರಬಂಧವನ್ನು ಬರೆಯತಕ್ಕದ್ದು, ಜೊತೆಗೆ ಚಳಿಗಾಲದ ಉಡುಪಿನಲ್ಲಿರುವ ಕುಟುಂಬದ ಒಂದು ಛಾಯಾಚಿತ್ರವನ್ನು ಅಂಟಿಸತಕ್ಕದ್ದು ಎಂದು ಆರನೆಯ ತರಗತಿಯಲ್ಲಿರುವ ನನ್ನ ಮೊಮ್ಮಗಳಿಗೆ ಆದೇಶವಾಗಿತ್ತು. ಶಾಲೆಯ ಕಾರ್ಯದಕ್ಷತೆಯನ್ನು ಮೆಚ್ಚಬೇಕು. ಒಂದು ಸಂಪ್ರದಾಯ ನೆಲೆಗೊಳ್ಳಲು ನಾಲ್ಕಾರು ತಲೆಮಾರಾದರೂ ಬೇಕು ಎಂದು ನಾವು ತಿಳಿದಿದ್ದೆವು. ಅವರು ಅದಕ್ಕೆ ಹತ್ತು ದಿನಗಳ ಕಾಲಾವಕಾಶ ಕೊಟ್ಟಿದ್ದರು. ಇನ್ನು ಚಳಿಗಾಲದ ಉಡುಪು. ಕಾಸರಗೋಡಿನ ಮನೆಗಳಲ್ಲಿ ಸ್ವೆಟರ್ ಎಂಬ ವಸ್ತು ಇರುವುದು ಒಂದೇ ಕಾರಣಕ್ಕೆ: ಯಾರೋ ಹಿರಿಯರು ಎಂದೋ ಒಮ್ಮೆ ಕಾಶಿಯಾತ್ರೆಗೆ ಹೋಗಿ ಬಂದಿರುತ್ತಾರೆ. ನಮ್ಮ ಮನೆಯ ಆ ಹಿರಿಯ ನಾನೇ ಆದದ್ದರಿಂದ ಪೆಟ್ಟಿಗೆಯ ತಳದಲ್ಲಿ ನುಸಿಗುಳಿಗೆಗಳ ನಡುವೆ ಮಲಗಿದ್ದ ಸ್ವೆಟರ್ ನನ್ನ ಪಾಲಿಗೆ ಬಂತು. ಮಗನಿಗೆ ಶಾಲು, ಸೊಸೆಗೆ ಅವಳ ಮಳೆಗಾಲದ ರೇನ್‌ಕೋಟು.

ನಮ್ಮದು ಕ್ರೈಸ್ತರ ಮನೆಯಲ್ಲ, ಆದರೆ ಕ್ರಿಸ್ಮಸ್ ನಮಗೆ ಹೊಸದೂ ಅಲ್ಲ. ಬೇಲಿಯಾಚೆಗಿನ ಪೊರ್ಬುಗಳ, ಅಂದರೆ ಕೊಂಕಣಿ ಕ್ರೈಸ್ತರ ಮನೆಯಿಂದ ಪ್ರತಿವರ್ಷ ಕ್ರಿಸ್ಮಸ್ ತಿಂಡಿಗಳಾದ ಕುಸ್ವಾರಿನ ತಟ್ಟೆ ಬರುತ್ತದೆ. ಅದರಲ್ಲಿ ನೆವ್ರಿ, ಕಿಡಿಯೊ, ಕೊಕ್ಕಿಸಾಂ ಎಲ್ಲವೂ ಇದ್ದು, ಕೊಕ್ಕಿಸಾಂ ಮಾತ್ರ ಬೇಲಿ ದಾಟುವಷ್ಟರಲ್ಲಿ ಅರ್ಧಕ್ಕೆ ಇಳಿದಿರುತ್ತದೆ, ಏಕೆಂದರೆ ತಟ್ಟೆ ಹೊತ್ತು ತರುವವಳು ನನ್ನ ಮೊಮ್ಮಗಳು. ಅವರ ಗೋದಲಿಯಲ್ಲಿ ಹತ್ತಿಯ ಹಿಮ ಇರುವುದಿಲ್ಲ. ಹಬ್ಬಕ್ಕೆ ಹತ್ತು ಹನ್ನೆರಡು ದಿನಗಳಿರುವಾಗ ತೆಂಗಿನ ಗೆರಟೆಗಳಲ್ಲಿ ಭತ್ತ ಬಿತ್ತಿ, ಬೆರಳುದ್ದದ ಹಸುರು ಸಸಿಗಳು ಎದ್ದ ಮೇಲೆ ಅವುಗಳನ್ನೇ ಗದ್ದೆಯಂತೆ ಜೋಡಿಸಿ, ಬಾಲಯೇಸುವನ್ನು ಅದರ ಬದುವಿನಲ್ಲಿ ಮಲಗಿಸುತ್ತಾರೆ. ಸಂಪ್ರದಾಯದ ಸಲಹೆ ಕೇಳಲು ಇದಕ್ಕಿಂತ ಒಳ್ಳೆಯ ಮನೆ ಯಾವುದಿದೆ ಎಂದುಕೊಂಡು ನಾನು ಅಲ್ಲಿಯ ಯಜಮಾನಿ ಬಾಯಿಯವರ ಬಳಿ ಹೋಗಿ, ಕ್ರಿಸ್ಮಸ್ಸಿಗೆ ನೀವು ಯಾವ ಚಲನಚಿತ್ರವನ್ನು ನೋಡುವ ಪದ್ಧತಿ ಇದೆ ಎಂದು ವಿಚಾರಿಸಿದೆ. ಅವರು ಒಲೆಯ ಮುಂದಿನಿಂದ ಏಳಲೂ ಇಲ್ಲ. "ನಡುರಾತ್ರಿಯ ಪೂಜೆ ಮುಗಿಸಿ ಬಂದು ಮಲಗುವಾಗ ಎರಡು ಗಂಟೆ, ಬೆಳಗ್ಗೆ ಎದ್ದು ಇಪ್ಪತ್ತು ಜನರಿಗೆ ಸಾನ್ನಾಂ ಬೇಯಿಸಬೇಕು. ನಾವು ಸಿನಿಮಾ ನೋಡುವುದು ಯಾವಾಗ, ಮಾಷ್ಟ್ರೇ?" ಎಂದರು. ಶತಮಾನಗಳಿಂದ ಬಂದ ಹಬ್ಬವನ್ನು ಆಚರಿಸುವವರಿಗೆ ಇಲ್ಲದ ಸಂಪ್ರದಾಯ ನಮ್ಮ ಮನೆಯಲ್ಲಿ ಆರಂಭವಾಗಬೇಕಾಗಿತ್ತು.

ನಾನು ಮೂವತ್ತು ವರ್ಷ ಪಾಠ ಹೇಳಿದವನು. ವಿಷಯ ತಿಳಿಯದೆ ಸಂಪ್ರದಾಯಕ್ಕೆ ಕೈಹಾಕುವವನಲ್ಲ. ಆದ್ದರಿಂದ ಈ ಪದ್ಧತಿ ಅಮೆರಿಕದಲ್ಲಾದರೂ ಹೇಗೆ ಹುಟ್ಟಿತು ಎಂದು ಓದಲು ಕುಳಿತೆ. ಓದಿದ ಮೇಲೆ ಸ್ವೆಟರಿನ ಬಗ್ಗೆ ನನ್ನ ಸಂಕೋಚ ಪೂರ್ತಿಯಾಗಿ ಹೋಯಿತು.

ಅಲ್ಲಿಯ ಕ್ರಿಸ್ಮಸ್ ಚಿತ್ರಗಳ ಕುಲದೇವತೆಯಂತಿರುವುದು 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್'. ಫ್ರಾಂಕ್ ಕಾಪ್ರಾ ಅದನ್ನು ತೆಗೆದದ್ದು ಕ್ಯಾಲಿಫೋರ್ನಿಯದ ಸುಡುಬೇಸಿಗೆಯಲ್ಲಿ. ಹಿಮ ಸುರಿಯುವ ಬೀದಿಯಲ್ಲಿ ನಾಯಕ ಓಡುವಾಗ ಅವನ ಮುಖದಲ್ಲಿ ಹೊಳೆಯುವುದು ಭಾವಾವೇಶವಷ್ಟೇ ಅಲ್ಲ, ಉಣ್ಣೆಯ ಕೋಟಿನೊಳಗಿನ ಬೆವರು ಕೂಡ. ಅದಕ್ಕಿಂತ ಹಿಂದಿನ ಚಿತ್ರಗಳಲ್ಲಿ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸನ್ನು ಹಿಮವೆಂದು ಉದುರಿಸುತ್ತಿದ್ದರಂತೆ. ಅದರ ಮೇಲೆ ನಟರು ನಡೆದರೆ ಅವಲಕ್ಕಿ ಹುರಿದಂತೆ ಚರಚರ ಸದ್ದಾಗಿ, ಮಾತುಗಳನ್ನು ಆಮೇಲೆ ಬೇರೆಯಾಗಿ ಧ್ವನಿಮುದ್ರಿಸಬೇಕಾಗುತ್ತಿತ್ತು. ಈ ಚಿತ್ರಕ್ಕಾಗಿ ಬೆಂಕಿ ಆರಿಸುವ ನೊರೆ, ಸೋಪು, ಸಕ್ಕರೆ, ನೀರು ಬೆರೆಸಿ ಹೊಸ ಹಿಮವನ್ನು ಸಿದ್ಧಪಡಿಸಿದರು. ಆ ವಿದ್ಯೆಗೆ ಮುಂದೆ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ದೊರೆಯಿತು. ಮೂಲದಲ್ಲೇ ಬೆವರು ಇರುವ ಸಂಪ್ರದಾಯವನ್ನು ಕುಂಬಳೆಯಲ್ಲಿ ನಾವು ಬೆವರಿನಿಂದಲೇ ಪಾಲಿಸಿದರೆ ಅದು ಶಾಸ್ತ್ರೋಕ್ತವೇ ಸರಿ.

ಇದು ಸಂಪ್ರದಾಯವಾದ ಬಗೆಯಂತೂ ಇನ್ನೂ ಸೊಗಸಾಗಿದೆ. ಬಿಡುಗಡೆಯಾದಾಗ ಚಿತ್ರ ಅಷ್ಟಾಗಿ ಓಡಲಿಲ್ಲ. ಇಪ್ಪತ್ತೆಂಟು ವರ್ಷಗಳಾದ ಮೇಲೆ, 1974ರಲ್ಲಿ, ಅದರ ಹಕ್ಕುಸ್ವಾಮ್ಯವನ್ನು ನವೀಕರಿಸಬೇಕಾಗಿತ್ತು; ಕಚೇರಿಯಲ್ಲಿ ಯಾರೋ ಅದನ್ನು ಮಾಡಲಿಲ್ಲ. ತೀರ್ವೆ ಕಟ್ಟುವವನಿಲ್ಲದ ಪುರಂಬೋಕು ಜಾಗಕ್ಕೆ ಊರಿನ ದನಗಳೆಲ್ಲ ನುಗ್ಗುವಂತೆ ಅಮೆರಿಕದ ಟಿವಿ ಕೇಂದ್ರಗಳೆಲ್ಲ ಈ ಚಿತ್ರಕ್ಕೆ ನುಗ್ಗಿದವು. ಡಿಸೆಂಬರಿನಲ್ಲಿ ಖಾಲಿ ಇರುವ ಹೊತ್ತನ್ನು ತುಂಬಲು ಬಿಟ್ಟಿಯಾಗಿ ಸಿಗುವ ಎರಡು ಗಂಟೆಯ ಸರಕು. ಹೊತ್ತಿಲ್ಲ ಗೊತ್ತಿಲ್ಲ, ಒಂದು ಕೇಂದ್ರ ನಿಲ್ಲಿಸಿದರೆ ಇನ್ನೊಂದು ಆರಂಭಿಸುತ್ತಿತ್ತು. 1993ರಲ್ಲಿ ಮೂಲಕಥೆ ಮತ್ತು ಸಂಗೀತದ ಹಕ್ಕನ್ನು ಮುಂದಿಟ್ಟುಕೊಂಡು ಒಂದು ಸಂಸ್ಥೆ ಬೇಲಿ ಹಾಕುವಷ್ಟರಲ್ಲಿ, ಒಂದು ಇಡೀ ತಲೆಮಾರು ಆ ಚಿತ್ರವನ್ನು ಬಿಟ್ಟು ಕ್ರಿಸ್ಮಸ್ಸನ್ನೇ ಊಹಿಸಲಾರದ ಸ್ಥಿತಿಗೆ ಬಂದಿತ್ತು. ಗುಮಾಸ್ತಗಿರಿಯ ಒಂದು ಲೋಪದಿಂದ ಹುಟ್ಟಿದ ಸಂಪ್ರದಾಯವನ್ನು ಕೇರಳದ ಶಾಲೆಯೊಂದು ಹೋಂವರ್ಕ್ ಮಾಡಿದೆ. ನಮ್ಮ ಗ್ರಾಮಕಚೇರಿಗಳಲ್ಲಿ ಬಾಕಿ ಉಳಿದಿರುವ ಕಡತಗಳಿಂದ ಇನ್ನೆಷ್ಟು ಹಬ್ಬಗಳು ಹುಟ್ಟಬಹುದು ಎಂದು ನೆನೆದು ಪುಳಕಗೊಂಡೆ.

ಅದೇ ಚಿತ್ರದಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 1947ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಟಿಪ್ಪಣಿಯೊಂದರಲ್ಲಿ ಈ ಚಿತ್ರವನ್ನು ಸಂಶಯದಿಂದ ಕಂಡಿತ್ತು. ಬ್ಯಾಂಕಿನ ಧಣಿಯನ್ನು ಖಳನಾಗಿ ತೋರಿಸಿರುವುದು ಕಮ್ಯುನಿಸ್ಟರು ಬಳಸುವ ತಂತ್ರ ಎಂಬುದು ಅದರಲ್ಲಿದ್ದ ದೂರು. ಚಿತ್ರದ ನಾಯಕ ನಡೆಸುವುದು ಬಡವರಿಗೆ ಮನೆಸಾಲ ಕೊಡುವ, ಹೆಚ್ಚು ಕಡಿಮೆ ನಮ್ಮ ಸಹಕಾರಿ ಸಂಘದಂತಹ ಒಂದು ಸಂಸ್ಥೆಯನ್ನು. ಅಲ್ಲಿ ಎಂಟು ಸಾವಿರ ಡಾಲರ್ ಕಾಣೆಯಾದಾಗ ಊರವರೆಲ್ಲ ತಮ್ಮ ಉಳಿತಾಯವನ್ನು ತಂದು ಅವನ ಮೇಜಿನ ಮೇಲೆ ಸುರಿಯುತ್ತಾರೆ. ಸಹಕಾರಿ ಸಂಘದಲ್ಲಿ ಹಣ ಕಾಣೆಯಾದರೆ ನಮ್ಮಲ್ಲಿ ಊರವರು ಪಾಸ್‌ಬುಕ್ ಹಿಡಿದು ಬಾಗಿಲ ಮುಂದೆ ಸಾಲು ನಿಲ್ಲುತ್ತಾರೆ. ಚಿತ್ರದಲ್ಲಿ ಬಂದಂತೆ ದೇವದೂತ ಬರುವುದಿಲ್ಲ, ಆಡಳಿತಾಧಿಕಾರಿ ಬರುತ್ತಾನೆ. ಅಂತಹ ಚಿತ್ರವನ್ನು ಕೆಂಬಾವುಟದ ನಾಡಿನ ಮಕ್ಕಳು ನೋಡುವುದು ಔಚಿತ್ಯಪೂರ್ಣವೇ ಆದರೂ, ಅದು ಕಪ್ಪು ಬಿಳುಪಿನದು ಎಂಬ ಒಂದೇ ಕಾರಣಕ್ಕೆ ಮೊಮ್ಮಗಳು ಅದನ್ನು ತಳ್ಳಿಹಾಕಿದಳು. ಅವಳ ಆಯ್ಕೆ 1990ರ 'ಹೋಮ್ ಅಲೋನ್'.

ಒಂದೇ ಕಥೆಯನ್ನು ಪ್ರತಿವರ್ಷ ನೋಡುವುದರಲ್ಲಿ ನನಗೆ ತಕರಾರಿಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರಾದ ನಾವು ಅದನ್ನು ಆಕ್ಷೇಪಿಸಿದರೆ ನಾಲಗೆ ಹೊರಳಲಾರದು. ಅದೇ ಮಹಿಷಾಸುರ ಅದೇ ಸೂಟೆಗಳ ಬೆಳಕಿನಲ್ಲಿ ಸಭೆಯ ನಡುವಿನಿಂದ ಬರುವುದನ್ನು ನಾನು ಐವತ್ತು ವರ್ಷಗಳಿಂದ ನೋಡುತ್ತಿದ್ದೇನೆ, ಪ್ರತಿಸಲವೂ ಎದ್ದು ನಿಲ್ಲುತ್ತೇನೆ. ಪೋಲೆಂಡಿನ ಒಂದು ವಾಹಿನಿ ಪ್ರತಿ ಕ್ರಿಸ್ಮಸ್ಸಿಗೂ ಇದೇ 'ಹೋಮ್ ಅಲೋನ್' ಚಿತ್ರವನ್ನು ತೋರಿಸುತ್ತದೆ. 2010ರಲ್ಲಿ ಈ ಸಲ ಬೇಡ ಎಂದು ಅದು ತೀರ್ಮಾನಿಸಿದಾಗ ಸಹಸ್ರಾರು ಪ್ರೇಕ್ಷಕರು ಪ್ರತಿಭಟಿಸಿ ಮತ್ತೆ ಹಾಕಿಸಿದರು. ಪೋಲೆಂಡಿನವರು ಅದನ್ನು ಪೋಲಿಷ್ ಭಾಷೆಯಲ್ಲಿ ಕೇಳುತ್ತಾರೆ. ನನ್ನ ತಕರಾರು ಆರಂಭವಾಗುವುದು ಅಲ್ಲಿ.

ನಮ್ಮ ಮನೆಯ ಡಿಶ್ ಟಿವಿ ಕಂಪನಿಗೆ ನಾನು ಫೋನ್ ಮಾಡಿ ಕನ್ನಡದ ಚಾನೆಲ್ ಕಟ್ಟನ್ನು ಕೇಳಿದಾಗ, ಆ ಹುಡುಗಿ ಬಹಳ ವಿನಯದಿಂದ, "ಸರ್, ನಿಮ್ಮ ಪಿನ್‌ಕೋಡ್ 671ರಿಂದ ಆರಂಭವಾಗುತ್ತದೆ, ನೀವು ಮಲಯಾಳಿ" ಎಂದು ತಿಳಿಸಿದಳು. ನಮ್ಮ ಸಮೀಪದ ಬೇಳದ ಇಗರ್ಜಿ ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲಿಯೇ ಇದೆ. ರೋಮಿಗೆ ಗೊತ್ತಿರುವ ಭೂಗೋಳ ಟಿವಿ ಕಂಪನಿಗೆ ಗೊತ್ತಿಲ್ಲ. ಕೊನೆಗೆ ಮಗ ಮೊಬೈಲಿನಿಂದ ಚಿತ್ರವನ್ನು ಟಿವಿಗೆ ಏರಿಸಿದ. ಭಾಷೆಗಳ ಪಟ್ಟಿಯನ್ನು ತೆರೆದರೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇದ್ದವು, ಕನ್ನಡ ಇರಲಿಲ್ಲ. ಇದಕ್ಕೆ ಮಾತ್ರ ಕೇರಳವನ್ನು ಬೈಯುವಂತಿಲ್ಲ. 1960ರ ದಶಕದಿಂದ ಹಿಡಿದು, 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ತಪ್ಪೆಂದು ಹೇಳುವವರೆಗೆ, ಹೊರಗಿನ ಚಿತ್ರವೊಂದು ಕನ್ನಡ ಮಾತನಾಡಿದರೆ ಕನ್ನಡ ಕೆಡುತ್ತದೆ ಎಂದು ಗಡಿಯ ಆಚೆಗಿನ ನಮ್ಮವರೇ ಡಬ್ಬಿಂಗಿಗೆ ಅಡ್ಡಗಟ್ಟೆ ಕಟ್ಟಿದ್ದರು. ಕನ್ನಡದ ರಕ್ಷಣೆ ಎಷ್ಟು ಭದ್ರವಾಗಿ ನಡೆಯಿತೆಂದರೆ, ನನ್ನ ಮಕ್ಕಳು ಕಾರ್ಟೂನನ್ನು ಮಲಯಾಳದಲ್ಲಿ ಕಲಿತರು, ಪ್ರಾಣಿಗಳ ಹೆಸರನ್ನು ಹಿಂದಿಯಲ್ಲಿ ಕಲಿತರು, ಮೊಮ್ಮಗಳು ಈಗ ಕ್ರಿಸ್ಮಸ್ಸನ್ನು ಇಂಗ್ಲಿಷಿನಲ್ಲಿ ಕಲಿಯುತ್ತಿದ್ದಾಳೆ. ಕನ್ನಡ ಮಾತ್ರ ಯಾವ ಕಲಬೆರಕೆಯೂ ಇಲ್ಲದೆ ಪರಿಶುದ್ಧವಾಗಿ, ಯಾರ ಬಾಯಿಗೂ ಬೀಳದೆ ಉಳಿದಿದೆ.

ಅಂತೂ ಫ್ಯಾನನ್ನು ಐದರಲ್ಲಿಟ್ಟು, ಸ್ವೆಟರ್ ತೊಟ್ಟು, ಚಿತ್ರ ನೋಡಿದೆವು. ನೀವೂ ನೋಡಿರುತ್ತೀರಿ. ದೊಡ್ಡದೊಂದು ಕುಟುಂಬ ಬೆಳಗ್ಗೆ ಗಡಿಬಿಡಿಯಿಂದ ಎದ್ದು, ತಲೆ ಎಣಿಸುವಾಗ ತಪ್ಪಿ, ಎಂಟು ವರ್ಷದ ಹುಡುಗನನ್ನು ಮನೆಯಲ್ಲಿಯೇ ಬಿಟ್ಟು ಪ್ಯಾರಿಸಿಗೆ ಹೊರಟುಹೋಗುತ್ತದೆ. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ, ಏಕೆಂದರೆ ಈ ಕಥೆಯಲ್ಲಿ ನಾನು ಪಾತ್ರಧಾರಿ. ಭಾಷೆಯಂತೆ ರಾಜ್ಯಗಳನ್ನು ವಿಂಗಡಿಸಿದ 1956ರ ನವೆಂಬರ್ 1ರಂದು ಗಡಿಬಿಡಿಯಿಂದ ತಲೆ ಎಣಿಸಿ ಹೊರಟವರು ಚಂದ್ರಗಿರಿ ಹೊಳೆಯ ಈಚೆಗೆ ಒಂದು ಮಗುವನ್ನು ಬಿಟ್ಟುಹೋದರು. ಚಿತ್ರದ ತಾಯಿಗೆ ವಿಮಾನದಲ್ಲಿ ನೆನಪಾಗಿ ಅವಳು ಮಗನ ಹೆಸರು ಹಿಡಿದು ಕಿರುಚುತ್ತಾಳೆ. ನಮ್ಮ ತಾಯಿಗೂ ನೆನಪಾಗುತ್ತದೆ, ವರ್ಷಕ್ಕೊಮ್ಮೆ, ರಾಜ್ಯೋತ್ಸವದ ಭಾಷಣದ ಕೊನೆಯ ಪುಟದಲ್ಲಿ. 1967ರಲ್ಲಿ ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತು, ಅಂದರೆ ಟಿಕೇಟನ್ನೂ ಕೊಯ್ದು ಕೈಗೆ ಕೊಟ್ಟಿತು. ಚಿತ್ರದ ತಾಯಿ ಸಿಕ್ಕ ಸಿಕ್ಕ ಗಾಡಿ ಹತ್ತಿ ಕ್ರಿಸ್ಮಸ್ ಬೆಳಗ್ಗೆ ಮನೆ ತಲುಪುತ್ತಾಳೆ. ಹುಡುಗ ಕಳ್ಳರ ವಿರುದ್ಧ ಇಸ್ತ್ರಿಪೆಟ್ಟಿಗೆ, ಬಣ್ಣದ ಡಬ್ಬಿಗಳನ್ನು ಹಿಡಿದು ಮನೆ ಕಾಯುತ್ತಾನೆ. ನಮ್ಮ ಕೈಯಲ್ಲಿ ಮನವಿಪತ್ರಗಳಿವೆ.

ಇಷ್ಟು ಹೊತ್ತು ತಮಾಷೆ ಮಾಡಿದೆ, ಇನ್ನು ಆಗುವುದಿಲ್ಲ. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸುತ್ತಾರೆ. ಮಕ್ಕಳು ಅರ್ಥವಾಗದೆ ಅವರ ಮುಖ ನೋಡುತ್ತಾ ಕುಳಿತಿರುತ್ತಾರೆ. ಹೆತ್ತವರು ಶಾಲೆಯ ಬಾಗಿಲಲ್ಲಿ ಧರಣಿ ಕೂರುತ್ತಾರೆ, ಹೈಕೋರ್ಟಿಗೆ ಅಲೆಯುತ್ತಾರೆ. ಮರುವರ್ಷ ಇನ್ನೊಂದು ಶಾಲೆಯಲ್ಲಿ ಅದೇ ಆಗುತ್ತದೆ. ಬೇಸತ್ತವರು ಮಕ್ಕಳನ್ನು ಬಿಡಿಸಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುತ್ತಾರೆ; ನನ್ನ ಮಗನೂ ಹಾಗೆಯೇ ಹಾಕಿದ, ಮೂವತ್ತು ವರ್ಷ ಕನ್ನಡ ಕಲಿಸಿದ ನಾನು ಪಕ್ಕದಲ್ಲಿ ನಿಂತು ಸುಮ್ಮನೆ ನೋಡಿದೆ. ಪ್ರತಿವರ್ಷ ತಪ್ಪದೆ ಮರುಪ್ರಸಾರವಾಗುವ ಚಿತ್ರ ನಮ್ಮಲ್ಲಿ ಒಂದಿದ್ದರೆ ಅದು ಇದೇ, ಮತ್ತು ಇದನ್ನು ನೋಡಲು ಯಾವ ಸ್ವೆಟರೂ ಬೇಡ.

ಮೊಮ್ಮಗಳ ಪ್ರಬಂಧ ಚೆನ್ನಾಗಿಯೇ ಬಂತು. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಈ ಪದ್ಧತಿ ನಡೆದುಬಂದಿದೆ, ಹೊರಗೆ ಹಿಮ ಬೀಳುತ್ತಿರುವಾಗ ನಾವು ಬೆಂಕಿಯ ಮುಂದೆ ಕುಳಿತು ಚಿತ್ರ ನೋಡುತ್ತೇವೆ, ಅಜ್ಜ ಬಿಸಿ ಕೋಕೋ ಕುಡಿಯುತ್ತಾರೆ ಎಂದೆಲ್ಲ ಇಂಗ್ಲಿಷಿನಲ್ಲಿ ಬರೆದಿದ್ದಳು. ನಾನು ಕುಡಿದದ್ದು ಪುನರ್ಪುಳಿ ಶರಬತ್ತು. ಜನವರಿಯಲ್ಲಿ ಪುಸ್ತಕ ಮರಳಿ ಬಂದಾಗ ಹತ್ತಕ್ಕೆ ಎಂಟು ಅಂಕ ಬಿದ್ದಿತ್ತು. ಎರಡು ಅಂಕ ಕಳೆದದ್ದಕ್ಕೆ ಕಾರಣವನ್ನು ಛಾಯಾಚಿತ್ರದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: ಚಿತ್ರದಲ್ಲಿ ಫ್ಯಾನ್ ತಿರುಗುತ್ತಿರುವುದು ಕಾಣುತ್ತದೆ.

ಫ್ಯಾನ್ ತಿರುಗದೆ ಇದ್ದಿದ್ದರೆ ಮುಂದಿನ ವರ್ಷದ ಛಾಯಾಚಿತ್ರದಲ್ಲಿ ಅಜ್ಜನ ಜಾಗದಲ್ಲಿ ಮಾಲೆ ಹಾಕಿದ ಪಟ ಇರುತ್ತಿತ್ತು ಎಂದು ನಾನು ಅವಳ ಡೈರಿಯಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆದು, ಸಹಿ ಹಾಕಿ ಕಳುಹಿಸಿದೆ. ಮರುದಿನ ಅದರ ಕೆಳಗೆ ಉತ್ತರ ಬಂದಿತ್ತು: ದಯವಿಟ್ಟು ಇಂಗ್ಲಿಷ್ ಅಥವಾ ಮಲಯಾಳದಲ್ಲಿ ಬರೆಯಿರಿ.