ಅಪಸ್ವರಕ್ಕೆ ನಗುವವರು, ಚಪ್ಪಾಳೆ ತಟ್ಟುವವರು

ಶ್ರುತಿ ತಪ್ಪಿ ಹಾಡುವವರ ಎದುರಿಗೇ ನಗುವುದು ಒರಟುತನವೆಂದು ಬಗೆಯುವ ನಾಡಿನಿಂದ ಬಂದವನು ನಾನು. ನಾನೀಗ ನೆಲೆಸಿರುವ ಇಂಗ್ಲೆಂಡಿನಲ್ಲಿ ಜನ ಅದಕ್ಕೆಂದೇ ಟಿಕೆಟ್ ಕೊಂಡು ರಂಗಮಂದಿರಕ್ಕೆ ಹೋಗಿ ನಗುತ್ತಾರೆ. ಪೀಟರ್ ಕ್ವಿಲ್ಟರ್ ಬರೆದ ‘ಗ್ಲೋರಿಯಸ್!’ ಎಂಬ ಹಾಸ್ಯನಾಟಕ 2005ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲು ರಂಗವೇರಿ, ಅದೇ ವರ್ಷ ಲಂಡನ್ನಿಗೂ ಬಂತು. ಅದರ ನಾಯಕಿ ಫ್ಲಾರೆನ್ಸ್ ಫಾಸ್ಟರ್ ಜೆಂಕಿನ್ಸ್ ಕಲ್ಪನೆಯ ಪಾತ್ರವಲ್ಲ. 1868ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, 1909ರಲ್ಲಿ ತಂದೆ ತೀರಿಕೊಂಡ ಮೇಲೆ ಕೈಸೇರಿದ ಆಸ್ತಿಯ ಬಲದಿಂದ ನ್ಯೂಯಾರ್ಕಿನಲ್ಲಿ ಗಾಯಕಿಯಾಗಿ ಮೆರೆದ ಈಕೆಗೆ ಶ್ರುತಿಯೂ ನಿಲ್ಲುತ್ತಿರಲಿಲ್ಲ, ಲಯವೂ ದಕ್ಕುತ್ತಿರಲಿಲ್ಲ. ಆದರೂ ಹಾಡಲು ಆರಿಸಿಕೊಳ್ಳುತ್ತಿದ್ದುದು ಮೊಜಾರ್ಟನ ಸಂಗೀತನಾಟಕವೊಂದರಲ್ಲಿ ಬರುವ ‘ರಾತ್ರಿಯ ರಾಣಿ’ಯ ಗೀತೆಯಂಥವನ್ನು, ಅದರ ತಾರಸ್ಥಾಯಿಗೆ ಪಳಗಿದ ಕಂಠಗಳೇ ಅಂಜುತ್ತವೆ.

ಇಂಥವರು ಇಷ್ಟು ಕಾಲ ಹೇಗೆ ಹಾಡಿಕೊಂಡು ಬಂದರು ಎಂಬುದೇ ನನಗೆ ನಾಟಕದ ನಿಜವಾದ ಹೂರಣವಾಗಿ ಕಾಣುತ್ತದೆ. ಆಕೆ 1917ರಲ್ಲಿ ವೆರ್ಡಿ ಕ್ಲಬ್ ಎಂಬ ಸಂಗೀತಪ್ರಿಯರ ಸಂಘ ಸ್ಥಾಪಿಸಿದರು. ರಿಟ್ಸ್-ಕಾರ್ಲ್‌ಟನ್ ಹೋಟೆಲಿನಲ್ಲಿ ನಡೆಯುತ್ತಿದ್ದ ಕಛೇರಿಗಳಿಗೆ ತಮಗೆ ಬೇಕಾದವರನ್ನಷ್ಟೇ ಬಿಟ್ಟುಕೊಳ್ಳುತ್ತಿದ್ದರು. ಬಂದ ಗೆಳೆಯರು ನಗೆಯನ್ನು ಚಪ್ಪಾಳೆಯಲ್ಲಿ ಮುಳುಗಿಸುತ್ತಿದ್ದರು. ಅಮೆರಿಕದ ಸಿರಿವಂತರ ಈ ರೀತಿ ಕನ್ನಡಿಗರಾದ ನಮಗೆ ಅಪರಿಚಿತವೇನಲ್ಲ. ನಮ್ಮ ಸಂಘಗಳ ರಾಜ್ಯೋತ್ಸವದಲ್ಲಿ ಕರೋಕೆ ಹಾಕಿಕೊಂಡು ಪಲ್ಲವಿಯಲ್ಲೇ ದಾರಿ ತಪ್ಪಿದವರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು, “ಎಷ್ಟು ಚೆನ್ನಾಗಿ ಹಾಡಿದಿರಿ” ಎಂದು ಕೈ ಮುಗಿದು, ಆಮೇಲೆ ಕಾರು ನಿಲ್ಲಿಸಿದ ಕಡೆ ಹೊಟ್ಟೆ ಹಿಡಿದುಕೊಂಡು ನಗುವವರು ನಾವು. (ಮರುವರ್ಷ ಅವರನ್ನೇ ಮತ್ತೆ ಕರೆಯುವವರೂ ನಾವೇ.)

ಇದನ್ನು ಸೌಜನ್ಯ ಎನ್ನಲು ನನಗೆ ಮನಸ್ಸಿಲ್ಲ. ತಾಳಮೇಳಗಳಿದ್ದರೂ ಪ್ರೇಮವಿಲ್ಲದ ಗಾನವನ್ನು ಹರಿ ಕೇಳನು ಎಂದರು ಪುರಂದರದಾಸರು. ಅದನ್ನೇ ತಿರುಗಿಸಿ, ಪ್ರೇಮವೊಂದಿದ್ದರೆ ತಾಳಮೇಳದ ಹಂಗೇ ಬೇಡವೆಂದು ವಾದಿಸುವುದು ನಮ್ಮಲ್ಲಿ ರೂಢಿಯಾಗಿದೆ. ಭಜನೆಯಲ್ಲಿ ಆ ಮಾತು ಸಲ್ಲುತ್ತದೆ. ಅಲ್ಲಿ ಕೇಳುಗರೇ ಇಲ್ಲ, ಎಲ್ಲರೂ ಹಾಡುವವರೇ. ಜೆಂಕಿನ್ಸ್ ಬಯಸಿದ್ದಾದರೋ ಕೇಳುಗರನ್ನು. 1944ರ ಅಕ್ಟೋಬರ್ 25ರಂದು, ತಮ್ಮ 76ನೆಯ ವಯಸ್ಸಿನಲ್ಲಿ, ಅವರು ನ್ಯೂಯಾರ್ಕಿನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್‌ನಲ್ಲಿ ಹಾಡಿದಾಗ ಟಿಕೆಟ್‌ಗಳೆಲ್ಲ ಮಾರಾಟವಾಗಿದ್ದವು, ಸಭೆ ಬಾಯಿಬಿಟ್ಟು ನಕ್ಕಿತು, ಪತ್ರಿಕೆಗಳು ಕನಿಕರ ತೋರಲಿಲ್ಲ. ಮುಂದಿನ ತಿಂಗಳು 26ರಂದು ಅವರು ತೀರಿಕೊಂಡರು. ಟೀಕೆಯೇ ಆಕೆಯನ್ನು ಕೊಂದಿತು ಎನ್ನುವವರಿದ್ದಾರೆ. ಆ ವಯಸ್ಸಿನ ಹೃದಯಕ್ಕೆ ಬೇರೆ ಕಾರಣಗಳೂ ಇದ್ದಾವು. ಅಂದು ನಕ್ಕವರಿಗಿಂತ, ಅಲ್ಲಿಯವರೆಗೆ ನಿಜ ಹೇಳದೆ ಉಳಿದ ಆಪ್ತರ ಪಾಲೇ ದೊಡ್ಡದೆಂದು ನನ್ನ ಎಣಿಕೆ.

ಇಂಗ್ಲಿಷ್ ಪ್ರೇಕ್ಷಕರ ನಗೆಯಲ್ಲಿ ನಾನು ಮೆಚ್ಚುವುದೆಂದರೆ ಅದು ಬಚ್ಚಿಟ್ಟುಕೊಳ್ಳುವುದಿಲ್ಲ. ಮೊದಲ ಅಪಸ್ವರಕ್ಕೇ ಸಭಾಂಗಣ ಸಿಡಿಯುತ್ತದೆ. ನಾಟಕ ಮುಗಿಯುವ ಹೊತ್ತಿಗೆ ಅದೇ ಜನ ಆಕೆಯ ಪಕ್ಷ ವಹಿಸಿರುತ್ತಾರೆ. ಇದು ಸಾಧ್ಯವಾಗುವುದು ನಟಿಯ ಪರಿಶ್ರಮದಿಂದ. ಅಪಸ್ವರವನ್ನು ಬೇಕಾದ ಜಾಗದಲ್ಲಿ, ಬೇಕಾದಷ್ಟೇ ತಪ್ಪಿಸಿ ಹಿಡಿಯಬೇಕಾದರೆ ಸ್ವರಜ್ಞಾನ ಗಟ್ಟಿಯಾಗಿರಬೇಕು. ನಗಿಸಲೆಂದು ಕಿರುಚುವ ನಟಿಯ ಕೈಯಲ್ಲಿ ಈ ಪಾತ್ರ ಮೊದಲ ದೃಶ್ಯದಲ್ಲೇ ಸಾಯುತ್ತದೆ. ಇದೇ ಗಾಯಕಿಯ ಕುರಿತ ‘ಸುವೆನಿರ್’ ಎಂಬ ಅಮೆರಿಕದ ನಾಟಕದಲ್ಲಿ ಇದು ಇನ್ನೂ ಸ್ಪಷ್ಟ. ಸಂಜೆಯೆಲ್ಲ ಶ್ರುತಿ ತಪ್ಪಿ ಹಾಡಿದ ನಟಿ, ಕೊನೆಯಲ್ಲಿ ‘ಆವೆ ಮರೀಯ’ ಎಂಬ ಮೇರಿಮಾತೆಯ ಪ್ರಾರ್ಥನಾಗೀತೆಯನ್ನು, ಜೆಂಕಿನ್ಸ್ ತಮ್ಮ ಕಿವಿಗೆ ತಾವು ಕೇಳಿಸಿಕೊಳ್ಳುತ್ತಿದ್ದಿರಬಹುದಾದ ಹಾಗೆ, ನಿಷ್ಕಳಂಕವಾಗಿ ಹಾಡುತ್ತಾಳೆ.

ನಮ್ಮ ಹಾಸ್ಯ ಪರಂಪರೆ ಬಡವೇನಲ್ಲ. ಗುಬ್ಬಿ ವೀರಣ್ಣನವರು ಮನೆಮಾತಾದದ್ದೇ ಹಾಸ್ಯನಟರಾಗಿ. ಆದರೆ ರಾಗ ಕೆಡಿಸುವವನಿಗೆ ನಾವು ಸಾಮಾನ್ಯವಾಗಿ ಕೊಡುವುದು ನಡುವಣ ಒಂದು ನಗೆದೃಶ್ಯ, ನಾಯಕನ ಸ್ಥಾನವನ್ನಲ್ಲ. ಈ ಕಥೆಯನ್ನು ಯಾರಾದರೂ ಕನ್ನಡಕ್ಕೆ ತರುವುದಾದರೆ ಆಕೆಯನ್ನು ಛಲದ ಮೂರ್ತಿಯಾಗಿಸಿ ಪೂಜೆಗೆ ಕೂರಿಸದಿರಲಿ. ಅದರ ಬದಲು ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದ ಗೆಳೆಯರ ಪಾತ್ರಗಳನ್ನು ಹಿಗ್ಗಿಸಲಿ. ನಮ್ಮ ಪ್ರೇಕ್ಷಕರು ಹೆಚ್ಚು ನಗುವುದು, ಸ್ವಲ್ಪ ಇರುಸುಮುರುಸಿನಿಂದಲೇ ಆದರೂ, ಅವರನ್ನು ನೋಡಿ.