ಬೇಸಿಕ್‌ನಲ್ಲಿ ಹಾಕಿ ಸಾರ್

ನಮ್ಮ ಕನ್ನಡದಲ್ಲಿ ಇನ್‌ಕ್ರಿಮೆಂಟ್ ‘ಬೀಳುತ್ತೆ’. ‘ಈ ಸಲ ಎಷ್ಟು ಬಿತ್ತು?’ ಅಂತಲೇ ಕೇಳ್ತೀವಿ, ಮಳೆ ಬಿದ್ದ ಹಾಗೆ. ಕೊಡೋರು ಯಾರು, ಕೇಳಿದೋರು ಯಾರು ಅನ್ನೋದು ಆ ಮಾತಿನಲ್ಲಿ ಇಲ್ಲವೇ ಇಲ್ಲ. ಮನೆಯಲ್ಲಿ ಒಬ್ಬರಾದರೂ ಸರ್ಕಾರಿ ನೌಕರಿಯಲ್ಲಿದ್ದರೆ ಈ ಮಾತು ಚೆನ್ನಾಗಿ ಅರ್ಥ ಆಗುತ್ತೆ. ವರ್ಷಕ್ಕೊಮ್ಮೆ ತಾರೀಕು ಬರುತ್ತೆ, ಇನ್‌ಕ್ರಿಮೆಂಟ್ ಬೀಳುತ್ತೆ. ಬಾಯಿ ತೆರೆಯುವ ಅಗತ್ಯವೇ ಇಲ್ಲ.

ನಾನು ಅಬುಧಾಬಿಯ ಮುಸ್ಸಫಾದಲ್ಲಿ ಒಂದು ಫ್ಯಾಬ್ರಿಕೇಶನ್ ಯಾರ್ಡ್‌ನಲ್ಲಿ ಇದ್ದೇನೆ. ಅದಕ್ಕೂ ಮೊದಲು ನಾಲ್ಕು ವರ್ಷ ಬೆಂಗಳೂರಿನ ಪೀಣ್ಯದಲ್ಲಿ ಇದ್ದೆ. ಎರಡೂ ಕಡೆ ವೆಲ್ಡಿಂಗ್ ಕೆಲಸವೇ, ಕ್ವಾಲಿಟಿ ವಿಭಾಗವೇ. ಕಬ್ಬಿಣ ಅದೇ, ಹೊಗೆ ಅದೇ. ಸಂಬಳ ಕೇಳುವ ರೀತಿ ಮಾತ್ರ ಬೇರೆ. ಅದನ್ನ ಕಲಿಯೋಕೆ ನನಗೆ ಒಂದು ಸರ್ಟಿಫಿಕೇಟು, ಒಂದು ಪೆಟ್ಟು ಎರಡೂ ಬೇಕಾಯ್ತು.

ಸರ್ಟಿಫಿಕೇಟು ಅಂದರೆ ಸಿಸ್ವಿಪ್ 3.1. ಬ್ರಿಟನ್ನಿನ ಟಿಡಬ್ಲ್ಯುಐ ಸಂಸ್ಥೆಯ ವೆಲ್ಡಿಂಗ್ ಇನ್ಸ್‌ಪೆಕ್ಟರ್ ಪರೀಕ್ಷೆ. ಈ ಕಡೆಯ ಆಯಿಲ್ ಅಂಡ್ ಗ್ಯಾಸ್ ಕೆಲಸದಲ್ಲಿ ಇದಕ್ಕೆ ತೂಕ ಜಾಸ್ತಿ. ಓದಿ ಬರೆಯೋದರ ಜೊತೆ, ವೆಲ್ಡ್ ಮಾಡಿದ ಪ್ಲೇಟು ಮತ್ತು ಪೈಪನ್ನ ಕೈಗೆ ಕೊಡ್ತಾರೆ. ಗೇಜ್ ಹಿಡಿದು ಅಂಡರ್‌ಕಟ್ (ವೆಲ್ಡಿನ ಅಂಚಿನ ಕೊರೆತ) ಎಷ್ಟು ಆಳ, ಎಲ್ಲಿ ಪೊರಾಸಿಟಿ (ಗಾಳಿ ತೂತು), ರೂಟ್ (ಜಾಯಿಂಟ್‌ನ ತಳ) ಎಲ್ಲಿ ತುಂಬಿಲ್ಲ ಅಂತ ಅಂಚಿನಿಂದ ಅಳೆದು ಚಿತ್ರ ಬರೆದು ಗುರುತು ಮಾಡಬೇಕು. ಸರ್ಟಿಫಿಕೇಟಿಗೆ ಐದು ವರ್ಷದ ಆಯಸ್ಸು. ಆಮೇಲೆ ನವೀಕರಿಸಬೇಕು, ಕಣ್ಣಿನ ಪರೀಕ್ಷೆಯ ಚೀಟಿಯನ್ನೂ ಕೊಡಬೇಕು. ಫೀಸು ನಾನೇ ಕಟ್ಟಿದೆ. ಓದಿದ್ದು ನನ್ನ ರಜೆಯಲ್ಲಿ.

ಪಾಸಾದೆ. ಎಲ್ಲರೂ ‘ಕಂಗ್ರಾಟ್ಸ್’ ಅಂದರು. ಮ್ಯಾನೇಜರ್ ಕೈ ಕುಲುಕಿದರು. ನಾನು ಏನು ಮಾಡಿದೆ ಗೊತ್ತಾ? ಕಾಯ್ತಾ ಕೂತೆ. ಬೀಳುತ್ತೆ ಅಂತ.

ಐದು ತಿಂಗಳು ಏನೂ ಬೀಳಲಿಲ್ಲ. ಆಮೇಲೆ ನಮ್ಮ ಇನ್ನೊಂದು ಅಭ್ಯಾಸ ಎದ್ದು ಬಂತು. ನಾವು ಹೇಳಲ್ಲ, ಹೇಳಿಸ್ತೀವಿ. ಪೀಣ್ಯದಲ್ಲಿ ಅದೇ ದಾರಿ. ಓನರ್‌ಗೆ ಹತ್ತಿರದವರು ಯಾರು ನೋಡಿ, ಅವರ ಬಾಯಲ್ಲಿ ‘ಹುಡುಗ ಒಳ್ಳೆಯವನು, ಸ್ವಲ್ಪ ನೋಡಿ ಸಾರ್’ ಅನ್ನಿಸೋದು. ಇಲ್ಲೂ ಹಾಗೇ ಸೀನಿಯರ್ ಒಬ್ಬರ ಕೈಲಿ ಹೇಳಿಸಿದೆ. ಮ್ಯಾನೇಜರ್ ಈಜಿಪ್ಟಿನವರು. ನನ್ನನ್ನ ಕರೆದು ನೇರವಾಗಿ ಕೇಳಿದರು, ‘ನಿನಗೆ ಏನಾದರೂ ಬೇಕಿದ್ದರೆ ಅವನು ಯಾಕೆ ಬಂದ?’ ಕಿವಿ ಬಿಸಿಯಾಯ್ತು. ತಡವರಿಸಿಕೊಂಡು ಮಕ್ಕಳ ಸ್ಕೂಲ್ ಫೀಸು, ಮನೆ ಬಾಡಿಗೆ ಅಂತೆಲ್ಲ ಹೇಳಿದೆ. ಅವರು ಸಮಾಧಾನವಾಗಿ ಪೂರ್ತಿ ಕೇಳಿಸಿಕೊಂಡರು. ‘ಬಾಡಿಗೆ ನನಗೂ ಏರಿದೆ’ ಅಂದರು. ಅಲ್ಲಿಗೆ ಮುಗೀತು, ಎರಡೇ ನಿಮಿಷ.

ತುಂಬಾ ದಿನ ಅವರ ಮೇಲೆ ಸಿಟ್ಟಿತ್ತು. ಈಗ ಯೋಚಿಸಿದರೆ ತಪ್ಪು ಅವರದಲ್ಲ ಅನಿಸುತ್ತೆ. ನಾನು ಕೇಳಿದ್ದು ನನ್ನ ಕಷ್ಟಕ್ಕೆ ಪರಿಹಾರ. ಊರಲ್ಲಿ ಅದು ನಡೆಯುತ್ತೆ, ಯಾಕಂದರೆ ಅಲ್ಲಿ ಓನರ್‌ಗೂ ನಮಗೂ ಒಂದು ಥರದ ಮನೆಯ ಸಂಬಂಧ. ಪೀಣ್ಯದ ನನ್ನ ಓನರ್ ಸಂಬಳ ಏರಿಸೋದರಲ್ಲಿ ಪಕ್ಕಾ ಜಿಪುಣ. ಆದರೆ ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಹನ್ನೊಂದಕ್ಕೆ ದುಡ್ಡು ತಂದು ಕೊಟ್ಟವರೂ ಅವರೇ. ಚೀಟಿ ಇಲ್ಲ, ಸಹಿ ಇಲ್ಲ. ಇಲ್ಲಿ ಅಡ್ವಾನ್ಸ್ ಬೇಕು ಅಂದರೆ ಫಾರ್ಮ್ ತುಂಬಿ ಮೂರು ಸಹಿ ಹಾಕಿಸಬೇಕು. ಊರಿನ ಆ ಸಹಾಯವೂ ಒಂದು ಸಂಬಳವೇ, ಪೇಸ್ಲಿಪ್‌ನಲ್ಲಿ ಕಾಣದ್ದು. ಅದನ್ನ ಹೀಗಳೆಯೋಕೆ ನನಗೆ ಮನಸ್ಸಿಲ್ಲ.

ಕಣ್ಣು ತೆರೆಸಿದ್ದು ಪಕ್ಕದ ಮೇಜಿನ ಫಿಲಿಪೀನ್ಸ್ ಹುಡುಗ. ಅವನೂ ಅದೇ ಪರೀಕ್ಷೆ ಪಾಸಾಗಿದ್ದ, ನನಗಿಂತ ಎರಡು ತಿಂಗಳು ತಡವಾಗಿ. ಒಂದು ಹಾಳೆ ತಗೊಂಡು ಒಳಗೆ ಹೋದ, ನಗ್ತಾ ಬಂದ. ಆ ಹಾಳೆಯಲ್ಲಿ ಏನಿತ್ತು ಅಂತ ಕೇಳಿ ತಗೊಂಡು ನೋಡಿದೆ. ಅವನ ಮನೆಯ ವಿಷಯ ಒಂದಕ್ಷರ ಇರಲಿಲ್ಲ. ತಾನು ಸಹಿ ಮಾಡಿದ ರಿಪೋರ್ಟುಗಳ ಲೆಕ್ಕ ಇತ್ತು, ಅಷ್ಟೇ.

ಆಗ ಹೊಳೀತು. ನಾನು ಸರ್ಟಿಫಿಕೇಟನ್ನ ಗೋಡೆಗೆ ಹಾಕೋ ಪ್ರಶಸ್ತಿ ಅಂದ್ಕೊಂಡಿದ್ದೆ. ಗೆದ್ದಿದ್ದೀನಿ, ಬಹುಮಾನ ಕೊಡಿ ಅನ್ನೋ ಭಾವ. ಕಂಪನಿಗೆ ಅದು ಒಂದು ಉಪಕರಣ. ಅದರಿಂದ ಮೊದಲು ಆಗದ ಯಾವ ಕೆಲಸ ಈಗ ಆಗುತ್ತೆ ಅನ್ನೋದಷ್ಟೇ ಅವರ ಪ್ರಶ್ನೆ. ನಮ್ಮ ಯಾರ್ಡ್‌ನಲ್ಲಿ ಉತ್ತರ ಕಣ್ಣ ಮುಂದೇ ಇತ್ತು. ದೊಡ್ಡ ಪ್ರಾಜೆಕ್ಟುಗಳಲ್ಲಿ ಇನ್ಸ್‌ಪೆಕ್ಟರ್‌ನ ಸಿವಿಯನ್ನ ಮೊದಲು ಕ್ಲೈಂಟ್‌ಗೆ ಕಳಿಸಬೇಕು, ಅವರು ಒಪ್ಪಿದ ಮೇಲೇ ಸಹಿಗೆ ಬೆಲೆ. ಒಪ್ಪಿಗೆ ಇರುವವರು ನಮ್ಮಲ್ಲಿ ಕಡಿಮೆ ಇದ್ದಾಗ ಹೊರಗಿನ ಏಜೆನ್ಸಿಯಿಂದ ದಿನದ ಲೆಕ್ಕದಲ್ಲಿ ಒಬ್ಬರನ್ನ ಕರೆಸ್ತಿದ್ದರು. ನಾನು ಪಾಸಾದ ಮೇಲೆ ಅವರು ಬರೋದು ನಿಂತಿತ್ತು. ಅವರು ಮಾಡ್ತಿದ್ದ ಸಹಿ ನಾನು ಮಾಡ್ತಿದ್ದೆ, ಹಳೇ ಸಂಬಳಕ್ಕೆ!

ಒಂದು ಭಾನುವಾರ ರಜೆ ದಿನ ಕೂತು ಬರೆದೆ. ಎಷ್ಟು ಜಾಯಿಂಟ್‌ನ ವಿಶುವಲ್ ರಿಪೋರ್ಟಿಗೆ (ಕಣ್ಣಲ್ಲಿ ನೋಡಿ ಬರೆಯೋ ವರದಿಗೆ) ಸಹಿ ಹಾಕಿದ್ದೀನಿ, ಕ್ಲೈಂಟ್ ಒಪ್ಪಿಗೆ ಪತ್ರದ ತಾರೀಕು ಯಾವುದು, ಹೊರಗಿನವರು ಮೊದಲು ತಿಂಗಳಿಗೆ ಎಷ್ಟು ದಿನ ಬರ್ತಿದ್ದರು, ಈಗ ಎಷ್ಟು. ಒಂದೇ ಹಾಳೆ. ಸಮಯವನ್ನೂ ನೋಡಿಕೊಂಡೆ. ಇಲ್ಲಿ ವರ್ಕ್ ಪರ್ಮಿಟ್ ಎರಡು ವರ್ಷದ್ದು. ನವೀಕರಣಕ್ಕೆ ಮೂರು ತಿಂಗಳಿರುವಾಗ ಹೋದೆ. ಹೊಸ ಒಪ್ಪಂದ ಹೇಗೂ ಬರೆಯಲೇಬೇಕಾದ ಕಾಲ ಅದು.

‘ಕೊಡದಿದ್ದರೆ ಬಿಟ್ಟು ಹೋಗ್ತೀನಿ’ ಅಂತ ಮಾತ್ರ ಅನ್ನಲಿಲ್ಲ. ಸಂಬಳ ಚೌಕಾಸಿಯ ಬಗ್ಗೆ ಬರೋ ಬೋಧನೆಗಳಲ್ಲಿ ಈ ಧೈರ್ಯವನ್ನ ತುಂಬಾ ಹೊಗಳ್ತಾರೆ. ಅವು ನಮ್ಮಂಥವರಿಗೆ ಬರೆದದ್ದಲ್ಲ. ಇಲ್ಲಿ ಕೆಲಸ ಹೋದರೆ ವೀಸಾ ಹೋಗುತ್ತೆ, ನನ್ನ ವೀಸಾ ಮೇಲಿರುವ ಹೆಂಡತಿ ಮಕ್ಕಳದೂ ಹೋಗುತ್ತೆ. ಕೈಯಲ್ಲಿ ಇನ್ನೊಂದು ಆಫರ್ ಇಲ್ಲದೆ ಸುಮ್ನೆ ಬೆದರಿಸೋದು ಬರೀ ಹುಂಬತನ.

ತಿಂಗಳಿಗೆ 1,200 ದಿರ್ಹಮ್ ಹೆಚ್ಚಿಗೆ ಕೇಳಿದೆ. ಮ್ಯಾನೇಜರ್ ಹಾಳೆಯನ್ನ ಎರಡು ಸಲ ಓದಿದರು. ಎಚ್‌ಆರ್‌ನವರನ್ನ ಕರೆಸಿದರು. ‘800 ಕೊಡೋಣ, ಸೈಟ್ ಅಲೋವೆನ್ಸ್ ಅಂತ ಹಾಕೋಣ’ ಅಂದರು. ಹಳೇ ನಾನಾಗಿದ್ದರೆ ಕೈ ಮುಗಿದು ಎದ್ದು ಬರ್ತಿದ್ದೆ. ಈ ಸಲ ಪೇಸ್ಲಿಪ್ಪನ್ನ ಮೇಜಿನ ಮೇಲೆ ಇಟ್ಟು, ಮೊದಲನೇ ಸಾಲಿನ ಮೇಲೆ, ಅಂದರೆ ಮೂಲ ವೇತನದ ಮೇಲೆ, ಬೆರಳಿಟ್ಟೆ. ‘ಬೇಸಿಕ್‌ನಲ್ಲಿ ಹಾಕಿ ಸಾರ್.’

ಕೊಲ್ಲಿಗೆ ಬರುವ ನಮ್ಮವರು ಎಡವೋದು ಇಲ್ಲೇ. ಒಟ್ಟು ಎಷ್ಟು ಅಂತ ಮಾತ್ರ ನೋಡ್ತಾರೆ. ಯುಎಇಯ ಕಾನೂನಿನಲ್ಲಿ ಗ್ರಾಚುಯಿಟಿ (ಕೆಲಸ ಬಿಡುವಾಗ ಸಿಗೋ ಇಡಿಗಂಟು) ಲೆಕ್ಕ ಹಾಕೋದು ಕೊನೆಯ ಬೇಸಿಕ್ ಮೇಲೆ. ಮೊದಲ ಐದು ವರ್ಷದಲ್ಲಿ ಒಂದೊಂದು ವರ್ಷಕ್ಕೂ 21 ದಿನದ ಬೇಸಿಕ್, ಆಮೇಲಿನ ಒಂದೊಂದು ವರ್ಷಕ್ಕೂ 30 ದಿನದ್ದು. ನವೀಕರಣದ ಹೊತ್ತಿಗೆ ನನಗೆ ಆರು ವರ್ಷ ತುಂಬುತ್ತಿತ್ತು, ಅಂದರೆ 135 ದಿನ, ನಾಲ್ಕೂವರೆ ತಿಂಗಳು. ಬೇಸಿಕ್ 800 ಏರಿದರೆ ಕಳೆದ ಆರು ವರ್ಷದ ಗ್ರಾಚುಯಿಟಿಯೇ 3,600 ದಿರ್ಹಮ್ ಏರುತ್ತೆ. ಅದೇ 800 ಅಲೋವೆನ್ಸ್ ಆದರೆ ಸೊನ್ನೆ. ಓಟಿ (ಓವರ್‌ಟೈಮ್) ಇರುವವರಿಗೆ ಅದೂ ಬೇಸಿಕ್ ಲೆಕ್ಕದಲ್ಲೇ, ಕನಿಷ್ಠ 25% ಸೇರಿಸಿ. ಸೈಟ್ ಅಲೋವೆನ್ಸ್ ಬೇರೆ, ಸೈಟ್ ಮುಗಿದ ದಿನ ಮುಗಿಯುತ್ತೆ. ಊರಲ್ಲೂ ಬೇಸಿಕ್ ಚಿಕ್ಕದಿಟ್ಟು ಉಳಿದದ್ದನ್ನ ಬೇರೆ ಬೇರೆ ಹೆಸರಲ್ಲಿ ಕೊಡುವ ಚಾಳಿ ಇದೆ ಅಲ್ವಾ, ಪಿಎಫ್ ಉಳಿಸೋಕೆ. ಈ ವಿಷಯದಲ್ಲಿ ಎರಡು ದೇಶದ ಕಂಪನಿಗಳೂ ಅಣ್ಣ ತಮ್ಮಂದಿರು.

ಎಚ್‌ಆರ್‌ನವರು ನಕ್ಕರು. ಒಂದು ವಾರ ಬಿಟ್ಟು ಕರೆದರು. ಬೇಸಿಕ್‌ಗೆ 600, ಅಲೋವೆನ್ಸ್‌ಗೆ 200. ಒಪ್ಪಿಕೊಂಡೆ. ಕಾರ್ಮಿಕ ಸಚಿವಾಲಯಕ್ಕೆ ಹೋಗುವ ಒಪ್ಪಂದದಲ್ಲೂ ಅದೇ ಅಂಕಿ ಬಂದಿದೆಯಾ ಅಂತ ನೋಡಿಯೇ ಸಹಿ ಹಾಕಿದೆ. 1,200 ಸಿಗಲಿಲ್ಲ ಅನ್ನೋ ಬೇಜಾರು ಈಗಲೂ ಸ್ವಲ್ಪ ಇದೆ.

ಮೊನ್ನೆ ನಮ್ಮ ದಾವಣಗೆರೆ ಕಡೆಯ ಹುಡುಗನೊಬ್ಬ ಅದೇ ಪರೀಕ್ಷೆ ಪಾಸಾದ. ಸರ್ಟಿಫಿಕೇಟಿನ ಫೋಟೋ ಸ್ಟೇಟಸ್‌ಗೆ ಹಾಕಿದ. ಮೂರು ತಿಂಗಳಾದ ಮೇಲೆ ನನ್ನ ಹತ್ತಿರ ಬಂದ. ‘ಅಣ್ಣ, ನೀವೇ ಸಾರ್ ಹತ್ರ ಒಂದು ಮಾತು ಹೇಳಿ.’ ನಾನು ಹೇಳಲ್ಲ, ಹಾಳೆ ಬರ್ಕೊಂಡು ಬಾ ಅಂದೆ. ಮಾರನೇ ದಿನವೇ ತಂದ. ಚೆನ್ನಾಗೇ ಬರೆದಿದ್ದ, ರಿಪೋರ್ಟ್ ನಂಬರ್ ಸಮೇತ. ಹಾಳೆಯ ಕೊನೆಯಲ್ಲಿ ಒಂದು ಸಾಲು ಇತ್ತು: ‘ಬರುವ ಮೇ ತಿಂಗಳಲ್ಲಿ ತಂಗಿಯ ಮದುವೆ ಇದೆ.’ ಹೊಡೆದು ಹಾಕೋಣ ಅಂತ ಪೆನ್ನು ತಗೊಂಡೆ. ಕೈ ಬರಲಿಲ್ಲ, ಹಾಗೇ ವಾಪಸ್ ಕೊಟ್ಟೆ.